ಮೆಶ್ ಇನ್ನೆಷ್ಟು ಸಣ್ಣ ಮಾಡಬೇಕು?

ಪ್ರಶ್ನೆ: ನಡುವೆ ಕಚ್ಚು ಕೊಟ್ಟ ಸಾದಾ ಕಾಂಕ್ರೀಟ್ ಬೀಮನ್ನು ಅಬಾಕಸ್ ಎಂಬ ವಿಶ್ಲೇಷಣೆಯ ಸಾಫ್ಟ್‌ವೇರ್‌ನಲ್ಲಿ ಬಾಗಿಸಿ ನೋಡುತ್ತಿದ್ದೇನೆ. ಬೀಮನ್ನು 20 ಮಿ.ಮೀ. ತುಂಡುಗಳಾಗಿ (ಎಲಿಮೆಂಟ್) ಒಡೆದ ಮೆಶ್‌ಗೆ ಪ್ರಯೋಗದ ಗ್ರಾಫ್ ಹೊಂದುತ್ತದೆ. 10, 5 ಮಾಡಿದರೆ ಗರಿಷ್ಠ ಲೋಡ್ ಇಳಿಯುತ್ತಲೇ ಇದೆ. ಎಲ್ಲಿ ನಿಲ್ಲಿಸಲಿ?

ಉತ್ತರ: ಎಲ್ಲೂ ನಿಲ್ಲುವುದಿಲ್ಲ. ಈ ಪ್ರಶ್ನೆ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ‘ಪ್ರಯೋಗಕ್ಕೆ ಹೊಂದುವ ಮೆಶ್ ಸಿಕ್ಕಿತಲ್ಲ, ಅದನ್ನೇ ಇಟ್ಟುಕೋ’ ಎಂದು ಹೇಳಿಕೊಡುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಅಳತೆ ಬದಲಾದ ಮುಂದಿನ ಬೀಮಿಗೆ ಆ ಹೊಂದಾಣಿಕೆ ಕೈಕೊಡುತ್ತದೆ.

ನೀವು ಸಾಫ್ಟನಿಂಗನ್ನು, ಅಂದರೆ ಬಿರುಕು ಬಿಟ್ಟ ಮೇಲೆ ಸ್ಟ್ರೆಸ್ (ಒಳಗಿನ ಒತ್ತಡ) ಇಳಿಯುವುದನ್ನು, ಸ್ಟ್ರೇನ್ (ಉದ್ದಕ್ಕೆ ಹೋಲಿಸಿದ ಹಿಗ್ಗು) ಲೆಕ್ಕದಲ್ಲಿ ಕೊಟ್ಟಿರುತ್ತೀರಿ. ಬಿರುಕು ಎಲಿಮೆಂಟ್‌ಗಳ ಒಂದೇ ಸಾಲಿಗೆ ಬಂದು ಕೂರುತ್ತದೆ, ಪಕ್ಕದ ಸಾಲುಗಳು ಭಾರ ಕಳಚಿಕೊಳ್ಳುತ್ತವೆ. ಆ ಸಾಲು ಎಷ್ಟು ಅಗಲವೋ ಅಷ್ಟೇ ಶಕ್ತಿ ಖರ್ಚು. ಎಳೆತದ ಬಲ 3 ಮೆಗಾಪಾಸ್ಕಲ್, ಫ್ರ್ಯಾಕ್ಚರ್ ಎನರ್ಜಿ (ಬಿರುಕು ಪೂರ್ತಿ ತೆರೆಯಲು ಬೇಕಾದ ಶಕ್ತಿ) ಪ್ರತಿ ಮಿ.ಮೀ.ಗೆ 0.1 ನ್ಯೂಟನ್ ಎನ್ನಿ. ನೇರ ಗೆರೆಯ ಸಾಫ್ಟನಿಂಗ್‌ನಲ್ಲಿ ಸ್ಟ್ರೆಸ್ ಸೊನ್ನೆಯಾಗಬೇಕಾದ ಸ್ಟ್ರೇನ್ 20 ಮಿ.ಮೀ. ಎಲಿಮೆಂಟಿಗೆ 0.0033, 5 ಮಿ.ಮೀ.ಗೆ 0.0133. ನೀವು 0.0033 ಅನ್ನೇ 5ಕ್ಕೂ ಉಳಿಸಿದ್ದೀರಿ. ಅಂದರೆ ಫ್ರ್ಯಾಕ್ಚರ್ ಎನರ್ಜಿ 0.1ರ ಜಾಗದಲ್ಲಿ 0.025. ಕಾಂಕ್ರೀಟನ್ನು ನಾಲ್ಕು ಪಟ್ಟು ಪೆಡಸು ಮಾಡಿದವರು ನೀವೇ, ಮೆಶ್ ಅಲ್ಲ.

ಸಂಶೋಧಕ ಹಿಲ್ಲರ್‌ಬೋರ್ಗ್ ಮತ್ತು ಸಂಗಡಿಗರು 1976ರಲ್ಲೇ ಬಿರುಕಿನ ಬಾಯಿ ಎಷ್ಟು ತೆರೆಯಿತು ಎಂಬುದರ ಮೇಲೆ ಸ್ಟ್ರೆಸ್ ಇಳಿಸಿದರು. ಬಜಾಂತ್ ಮತ್ತು ಓ 1983ರಲ್ಲಿ ಅದೇ ಶಕ್ತಿಯನ್ನು ಎಲಿಮೆಂಟಿನ ಅಗಲಕ್ಕೆ ಹಂಚಿದರು. ನಿಮ್ಮ ಸಾಫ್ಟ್‌ವೇರ್‌ನಲ್ಲೂ ಡಿಸ್‌ಪ್ಲೇಸ್‌ಮೆಂಟ್ ಅಥವಾ ಫ್ರ್ಯಾಕ್ಚರ್ ಎನರ್ಜಿ ಆಯ್ಕೆ ಇದೆ, ಅದನ್ನು ಬಳಸಿ. ಬಿರುಕು ಹಾಯುವ ಕಡೆ ಎಲಿಮೆಂಟ್‌ಗಳು ಚೌಕಕ್ಕೆ ಹತ್ತಿರವಿರಲಿ. ಉದ್ದುದ್ದ ಇದ್ದರೆ ಸಾಫ್ಟ್‌ವೇರ್ ಹಿಡಿಯುವ ಅಗಲ ತಪ್ಪುತ್ತದೆ.

ಇಷ್ಟಾದರೂ ಶಕ್ತಿಯ ಲೆಕ್ಕ ಮಾತ್ರ ಸರಿಹೋಯಿತು. ಬಿರುಕಿಗೆ ಮೆಶ್‌ನ ಗೆರೆ ಹಿಡಿದು ಓಡುವ ಚಾಳಿ ಹಾಗೇ ಇರುತ್ತದೆ. ಮೆಶ್ ಓರೆ ಮಾಡಿ ಇನ್ನೊಮ್ಮೆ ಓಡಿಸದೆ ನಾನು ಯಾವ ಬಿರುಕಿನ ಚಿತ್ರಕ್ಕೂ ಸಹಿ ಹಾಕುವುದಿಲ್ಲ. ದಾರಿ ಬದಲಾದರೆ ನಾನ್‌ಲೋಕಲ್ ಮಾದರಿಗೆ (ಒಂದು ಬಿಂದುವಿನ ಹಾನಿಯನ್ನು ಸುತ್ತಲಿನ ಸರಾಸರಿಯಿಂದ ಲೆಕ್ಕ ಹಾಕುವುದು) ಹೋಗಿ, ಗಣಕದ ಸಮಯ ಹೆಚ್ಚು ತಿಂದರೂ ಸರಿ.

ಪ್ರಶ್ನೆ: ವಿಸ್ಕಾಸಿಟಿ ಪ್ಯಾರಾಮೀಟರ್ (ಲೆಕ್ಕ ಸಲೀಸಾಗಲೆಂದು ಸೇರಿಸುವ ಕೃತಕ ಸ್ನಿಗ್ಧತೆ) ಹೆಚ್ಚಿಸಿದರೆ ವಿಶ್ಲೇಷಣೆ ನಿಲ್ಲದೆ ಓಡುತ್ತದೆ, ಪರವಾಗಿಲ್ಲವೇ?

ಉತ್ತರ: ಪರವಾಗಿಲ್ಲ ಎನ್ನಲಾಗದು. ಕಾಂಕ್ರೀಟಿಗಿಲ್ಲದ ಬಲ ಬಂದು ಸೇರುತ್ತದೆ.

ಪ್ರಶ್ನೆ: ಕಬ್ಬಿಣ ಹಾಕಿದ ಬೀಮಿಗೂ ಈ ಕಾಟ ಇದೆಯೇ?

ಉತ್ತರ: ಸರಳು ಚೆನ್ನಾಗಿ ಹರಡಿದ್ದರೆ ಎಳೆತದಲ್ಲಿ ಕಡಿಮೆ. ಸ್ಟಿರಪ್ (ಸರಳುಗಳನ್ನು ಸುತ್ತುವ ಅಡ್ಡ ಬಳೆ) ಇಲ್ಲದೆ ಶಿಯರ್‌ನಲ್ಲಿ (ಕತ್ತರಿಸುವ ಬಲ) ಸೀಳುವಾಗ, ಮೇಲ್ಗಡೆ ಕಾಂಕ್ರೀಟ್ ಜಜ್ಜಿಹೋಗುವಾಗ ಪೂರ್ತಿ ಇದೆ.