ಸೋಮವಾರವೂ ಶಿಷ್ಯರೇ ಅಲ್ವಾ?

ಪ್ರಶ್ನೆ: ದೀಕ್ಷಾಸ್ನಾನ (ಬ್ಯಾಪ್ಟಿಸಮ್) ತೆಗೆದುಕೊಂಡು ಆರು ವರ್ಷವಾಯಿತು. ಭಾನುವಾರ ಸಭೆ ತಪ್ಪಿಸುವುದಿಲ್ಲ. ಒಂದು ಗೋದಾಮಿನಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ಸರಕು ತಡವಾಗಿ ಬಂದಾಗ ಹಿಂದಿನ ತಾರೀಖು ಹಾಕಿ ಅಂತ ಮೇಲಿನವರು ಹೇಳುತ್ತಾರೆ, ನಾನು ಹಾಕುತ್ತೇನೆ. ಆ ಸಿಟ್ಟನ್ನೆಲ್ಲ ಮನೆಗೆ ಬಂದು ಹೆಂಡತಿಯ ಮೇಲೆ ತೀರಿಸಿಕೊಳ್ಳುತ್ತೇನೆ. ಈ ಕೆಲಸ ಬಿಟ್ಟು ಸಭೆಯ ಪೂರ್ಣಕಾಲಿಕ ಸೇವೆಗೆ ಹೋದರೆ ಮಾತ್ರ ನಿಜವಾದ ಶಿಷ್ಯನಾಗಬಹುದು ಅನ್ನಿಸುತ್ತದೆ. ಇಷ್ಟು ಸಲ ಸೋತವನನ್ನು ಕರ್ತನಾದ ಯೇಸು ಇನ್ನೂ ಶಿಷ್ಯ ಅಂತ ಎಣಿಸುತ್ತಾನಾ?
(ಹೆಸರು ಹಾಕಬೇಡಿ ಎಂದಿದ್ದಾರೆ)

ಉತ್ತರ: ಸಹೋದರರೇ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲೇ ಹೇಳಿಬಿಡುತ್ತೇನೆ, ಈ ತಾರೀಖಿನ ಕಾಟ ತಪ್ಪಲಿ ಅಂತ ಸೇವೆಗೆ ಹೋಗಬೇಡಿ. ಕರೆ ಇದ್ದರೆ ಆ ಮಾತು ಬೇರೆ. ಆದರೆ ಅಲ್ಲೂ ಲೆಕ್ಕದ ಪುಸ್ತಕ ಇರುತ್ತದೆ, ಮೇಲಿನವರು ಇರುತ್ತಾರೆ, ಸಂಜೆ ಹೋಗುವುದೂ ಅದೇ ಮನೆಗೆ.

ವಿಶ್ವಾಸಿ ಒಂದು ಮೆಟ್ಟಿಲು, ಶಿಷ್ಯ ಅದರ ಮೇಲಿನ ಮೆಟ್ಟಿಲು ಅನ್ನೋ ಹಾಗೆ ನಮ್ಮಲ್ಲಿ ಮಾತಾಡುತ್ತಾರೆ. ಸತ್ಯವೇದದಲ್ಲಿ (ಬೈಬಲಿನಲ್ಲಿ) ಹಾಗಿಲ್ಲ. ಅಂತಿಯೋಕ್ಯ ಪಟ್ಟಣದಲ್ಲಿ ಮೊದಲ ಸಲ ಕ್ರೈಸ್ತರು ಅಂತ ಕರೆಸಿಕೊಂಡವರು ಅದಕ್ಕೆ ಮುಂಚೆಯೇ ಶಿಷ್ಯರಾಗಿದ್ದರು (ಅಪೊಸ್ತಲರ ಕೃತ್ಯಗಳು 11:26). ಹೊಸ ಒಡಂಬಡಿಕೆಯಲ್ಲಿ ಕ್ರೈಸ್ತ ಅನ್ನೋ ಪದ ಬರುವುದೇ 3 ಕಡೆ, ಶಿಷ್ಯ ಅನ್ನೋದು 250ಕ್ಕೂ ಜಾಸ್ತಿ ಸಲ. ಶಿಷ್ಯ ಅನ್ನೋದಕ್ಕೆ ಅಲ್ಲಿರುವ ಗ್ರೀಕ್ ಪದಕ್ಕೆ ಕಲಿಯುವವನು ಅಂತ ಅರ್ಥ, ಅಷ್ಟೇ. ಕಲಿಯುವವನ ಕೈ ತಪ್ಪುತ್ತದೆ, ಗುರು ತಿದ್ದುತ್ತಾನೆ.

ಲೂಕನ ಸುವಾರ್ತೆಯ 3ನೇ ಅಧ್ಯಾಯ ತೆಗೆದು ನೋಡಿ. ಸುಂಕದವರು ಸ್ನಾನಿಕನಾದ ಯೋಹಾನನ ಹತ್ತಿರ ಬಂದು ನಾವೇನು ಮಾಡಬೇಕು ಅಂತ ಕೇಳುತ್ತಾರೆ. ಸಿಪಾಯಿಗಳೂ ಅದನ್ನೇ ಕೇಳುತ್ತಾರೆ. ಜನ ಬೈದುಕೊಳ್ಳುತ್ತಿದ್ದ ಕೆಲಸಗಳು ಅವು. ಬಿಟ್ಟು ಬನ್ನಿ ಅಂತ ಅವನು ಹೇಳಲಿಲ್ಲ. ಗೊತ್ತುಮಾಡಿದ್ದಕ್ಕಿಂತ ಜಾಸ್ತಿ ವಸೂಲಿ ಮಾಡಬೇಡಿ ಅಂದ. ಹೆದರಿಸಿ ಹಣ ಕೀಳಬೇಡಿ, ಬರುವ ಸಂಬಳ ಸಾಕೆನ್ನಿ ಅಂದ. ಎಲ್ಲಿ ತಪ್ಪು ನಡೆಯುತ್ತಿತ್ತೋ ಅಲ್ಲೇ ಬೆರಳಿಟ್ಟು ತೋರಿಸಿದ. ನಿಮ್ಮ ಮೇಜಿನ ಹತ್ತಿರ ಬಂದಿದ್ದರೆ ಆ ಬೆರಳು ತಾರೀಖಿನ ಕಾಲಂ ಮೇಲೆ ಇರುತ್ತಿತ್ತು.

ಹಾಗಾಗಿ ಶುರು ಮಾಡಬೇಕಾದದ್ದು ಅಲ್ಲಿಂದಲೇ. ಲಾರಿ ಬಂದು ನಿಂತು ಎಲ್ಲರೂ ಗಡಿಬಿಡಿಯಲ್ಲಿರುವಾಗ ಹಟ ಮಾಡಬೇಡಿ. ಬಿಡುವಿರುವಾಗ ಮೇಲಿನವರ ಹತ್ತಿರ ಒಬ್ಬರೇ ಹೋಗಿ. ಸರಕು ಬಂದ ದಿನದ ತಾರೀಖನ್ನೇ ಬರೆಯುತ್ತೇನೆ, ತಡವಾದ ಕಾರಣವನ್ನು ಪಕ್ಕದಲ್ಲಿ ಬರೆಯೋಣ ಅಂತ ನೇರವಾಗಿ ಹೇಳಿ. ವಚನ ಹೇಳಿ ಅವರನ್ನು ಸಣ್ಣವರನ್ನಾಗಿ ಮಾಡಬೇಡಿ, ಇಷ್ಟು ದಿನ ಬರೆದದ್ದು ನಿಮ್ಮ ಕೈಯೇ ಅಲ್ವಾ? ಅವರು ಒಪ್ಪದೇ ಇರಬಹುದು. ಕೆಲಸ ಹೋಗಲೂಬಹುದು, ಹೋಗಲ್ಲ ಅಂತ ಸುಮ್ನೆ ಧೈರ್ಯ ಹೇಳೋಕೆ ನನಗೆ ಮನಸ್ಸಿಲ್ಲ. ಶಿಲುಬೆ ಹೊತ್ತು ಹಿಂಬಾಲಿಸುವ ಮಾತು ಮತ್ತಾಯ, ಮಾರ್ಕ, ಲೂಕ ಮೂವರಲ್ಲೂ ಇದೆ, ಆದರೆ ‘ಪ್ರತಿದಿನ’ ಅನ್ನೋ ಪದ ಇರುವುದು ಲೂಕನಲ್ಲಿ ಮಾತ್ರ (9:23). ಆ ಶಿಲುಬೆಯ ಭಾರ ಒಂದು ತಾರೀಖಿನಷ್ಟು ಸಣ್ಣದಾಗಿಯೂ ಇರುತ್ತದೆ.

ಆದರೆ ಇದಕ್ಕೂ ಮುಂಚೆ ಹೆಂಡತಿಯ ಹತ್ತಿರ ಕೂತು ಮಾತಾಡಿ. ಸಂಬಳ ನಿಂತರೆ ಕಷ್ಟ ಅವರಿಗೂ ತಾನೇ? ಅವರಿಗೆ ಹೇಳದೆ ನೀವೊಬ್ಬರೇ ನಿರ್ಧಾರ ಮಾಡುವುದು ಸರಿಯಲ್ಲ. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಹೋಗಿ ಸಹೋದರನ ಜೊತೆ ರಾಜಿಯಾಗು ಅಂತ ಕರ್ತನು ಹೇಳಿದ್ದು (ಮತ್ತಾಯ 5:23-24) ಮನೆಯವರಿಗೆ ಅನ್ವಯಿಸಲ್ಲ ಅಂತ ನಾವೇಕೆ ಅಂದುಕೊಳ್ಳುತ್ತೇವೋ! ‘ನಿನ್ನ ತಪ್ಪೇನೂ ಇರಲಿಲ್ಲ, ಅಲ್ಲಿ ಹೆದರಿಕೊಂಡೆ, ಇಲ್ಲಿ ಬಂದು ರೇಗಿದೆ, ಕ್ಷಮಿಸು’ ಅಂತ ಬಾಯಿಬಿಟ್ಟು ಹೇಳಿ. ಇವತ್ತೇ ಹೇಳಿ. ನನಗೆ ಕೇಳಿದರೆ ತಾರೀಖು ಸರಿಯಾಗಿ ಬರೆಯೋದಕ್ಕಿಂತ ಇದೇ ಕಷ್ಟ.

ಸೋತವನನ್ನು ಎಣಿಸುತ್ತಾನಾ ಅಂತ ಕೇಳಿದ್ದೀರಿ. ಶಿಷ್ಯನಾದ ಪೇತ್ರ ಯೇಸುವನ್ನು ಅರಿಯೆನು ಅಂತ ಮೂರು ಸಲ ಹೇಳಿದ ರಾತ್ರಿ ಚಳಿ ಕಾಯಿಸಿಕೊಳ್ಳುತ್ತಾ ನಿಂತಿದ್ದು ಇದ್ದಲು ಬೆಂಕಿಯ ಹತ್ತಿರ. ಇದ್ದಲು ಬೆಂಕಿಗೆ ಅಲ್ಲಿರುವ ಗ್ರೀಕ್ ಪದ ಹೊಸ ಒಡಂಬಡಿಕೆಯಲ್ಲಿ ಇನ್ನೊಂದೇ ಕಡೆ ಬರುತ್ತದೆ, ಯೋಹಾನ 21ರಲ್ಲಿ, ಮರಣದಿಂದ ಎದ್ದು ಬಂದ ಯೇಸು ದಡದಲ್ಲಿ ಮೀನು ಸುಡುತ್ತಿದ್ದಾಗ. ಅಂಥದ್ದೇ ಬೆಂಕಿಯ ಮುಂದೆ ಪೇತ್ರನನ್ನು ಮೂರು ಸಲ, ನನ್ನನ್ನು ಪ್ರೀತಿಸುತ್ತೀಯಾ ಅಂತ ಕೇಳಿದ. ಅದಕ್ಕೂ ಮೊದಲು ಊಟಕ್ಕೆ ಕರೆದ, ತಾನೇ ಬಡಿಸಿದ. ನನ್ನನ್ನು ಹಿಂಬಾಲಿಸು ಅಂತ ಪೇತ್ರನಿಗೆ ಮತ್ತೆ ಹೇಳಿದ್ದು ಇದೆಲ್ಲ ಆದ ಮೇಲೆ.

ಹೆಂಡತಿಯ ಹತ್ತಿರ ಮಾತಾಡಿದ ಮೇಲೆ ಇನ್ನೊಂದು ಪತ್ರ ಬರೆಯಿರಿ. ನಿಮ್ಮಿಬ್ಬರಿಗಾಗಿಯೂ ಪ್ರಾರ್ಥಿಸುತ್ತಿರುತ್ತೇನೆ.