ಯಾತನಾ ಶಿಬಿರದಲ್ಲಿ ದೇವರು

ಪ್ರಶ್ನೆ: ನಾಜಿ ಯಾತನಾ ಶಿಬಿರಗಳಿಂದ ಪಾರಾಗಿ ಬಂದ ಯಹೂದಿ ಲೇಖಕರ ನೆನಪುಗಳಲ್ಲಿ ದೈವನಂಬಿಕೆ ಕಳಚಿಬಿದ್ದ ಪ್ರಸಂಗಗಳೇ ಎದ್ದು ಕಾಣುತ್ತವೆ. ಹಾಗಾದರೆ ನಂಬಿಕೆ ಬಿಟ್ಟವರೇ ಬದುಕಿ ಉಳಿದರೆ?

ಉತ್ತರ: ಹಾಗೆನ್ನಲು ಆ ಪುಸ್ತಕಗಳೇ ಅವಕಾಶ ಕೊಡುವುದಿಲ್ಲ. 1944ರಲ್ಲಿ ಹದಿಹರೆಯದಲ್ಲೇ ಆಶ್‌ವಿಟ್ಜ್ ಸೇರಿದ ಎಲೀ ವೀಸೆಲ್, ಯಹೂದಿಗಳು ಉಪವಾಸವಿರುವ ಪ್ರಾಯಶ್ಚಿತ್ತದ ದಿನವಾದ ಯೋಮ್ ಕಿಪ್ಪುರ್‌ನಂದು ತಂದೆಯ ಮಾತಿಗೆ ಕಟ್ಟುಬಿದ್ದೂ, ದೇವರ ಮೌನವನ್ನು ಇನ್ನು ಒಪ್ಪಲಾರೆನೆಂಬ ಹಟಕ್ಕೂ ಉಪವಾಸ ಮುರಿದು ತಮ್ಮ ಪಾಲಿನ ಸೂಪು ಕುಡಿಯುತ್ತಾರೆ. ಇದನ್ನು ನಾಸ್ತಿಕತೆ ಎನ್ನುವುದಕ್ಕಿಂತ ಜಗಳವೆನ್ನುವುದೇ ಸರಿ. ಜಗಳಕ್ಕೆ ಎದುರಿಗೊಬ್ಬ ದೇವರು ಬೇಕಲ್ಲವೆ? ವೀಸೆಲ್ ಇದನ್ನು ಬರೆದ ‘ನೈಟ್’ ಕೃತಿಯಲ್ಲೇ ಬರುವ ಕೈದಿ ಅಕಿಬಾ ಡ್ರುಮರ್‌ನಾದರೋ, ನಂಬಿಕೆಯೊಂದಿಗೆ ಬದುಕುವ ಕಾರಣವನ್ನೂ ಕಳೆದುಕೊಂಡು ಸಾವಿನ ಪಾಲಾಗುತ್ತಾನೆ.

ಇಟಲಿಯ ರಸಾಯನಶಾಸ್ತ್ರಜ್ಞ ಪ್ರಿಮೊ ಲೆವಿ ನಂಬಿಕೆಯಿಲ್ಲದೆಯೇ ಶಿಬಿರ ಹೊಕ್ಕವರು. 1944ರ ಅಕ್ಟೋಬರ್‌ನಲ್ಲಿ ಅನಿಲಕೋಣೆಗೆ ಹೋಗುವವರ ಆಯ್ಕೆ ನಡೆದ ರಾತ್ರಿ, ತಾನು ಉಳಿದೆನೆಂದು ಮುದುಕ ಕೂನ್ ಗಟ್ಟಿಯಾಗಿ ದೇವರಿಗೆ ಕೃತಜ್ಞತೆ ಸಲ್ಲಿಸುತ್ತಿದ್ದರೆ, ಪಕ್ಕದ ಮಂಚದಲ್ಲಿ ಸಾವಿಗೆ ಗುರುತಾದ ಇಪ್ಪತ್ತರ ಹರೆಯದ ಬೆಪ್ಪೊ ದೀಪವನ್ನೇ ದಿಟ್ಟಿಸುತ್ತ ಮಲಗಿದ್ದ. ಆ ಪ್ರಾರ್ಥನೆಯನ್ನು ಲೆವಿ ಎಂದೂ ಕ್ಷಮಿಸಲಿಲ್ಲ. ಅಂಥವರೇ 1986ರಲ್ಲಿ ಪ್ರಕಟವಾದ ಪುಸ್ತಕದಲ್ಲಿ, ಧರ್ಮದಲ್ಲಾಗಲಿ ರಾಜಕೀಯದಲ್ಲಾಗಲಿ ನಂಬಿಕೆಯಿದ್ದವರು ಶಿಬಿರವನ್ನು ತಮಗಿಂತ ಚೆನ್ನಾಗಿ ತಾಳಿಕೊಂಡರೆಂದು ಒಪ್ಪುತ್ತಾರೆ. ಆ ಆಯ್ಕೆಯ ಹೊತ್ತಿನಲ್ಲಿ ತಮಗೂ ಒಮ್ಮೆ ಪ್ರಾರ್ಥಿಸಬೇಕೆನಿಸಿತ್ತೆಂದೂ, ಆಟದ ಕೊನೆಯಲ್ಲಿ ನಿಯಮ ಬದಲಿಸಬಾರದೆಂದು ತಡೆದುಕೊಂಡೆನೆಂದೂ ಬರೆಯುತ್ತಾರೆ. ತಾಳಿಕೊಳ್ಳುವುದು ಬೇರೆ, ಉಳಿಯುವುದು ಬೇರೆ. ಲೆವಿಯವರನ್ನು ಉಳಿಸಿದ್ದು ಪ್ರಯೋಗಾಲಯದ ಕೆಲಸ, ಅಲ್ಲದೆ 1945ರ ಜನವರಿಯಲ್ಲಿ ಕೈದಿಗಳನ್ನು ಹಿಮದಲ್ಲಿ ನಡೆಸಿಕೊಂಡು ಹೋದಾಗ ಅವರನ್ನು ಆಸ್ಪತ್ರೆಯಲ್ಲೇ ಉಳಿಸಿದ ಸ್ಕಾರ್ಲೆಟ್ ಜ್ವರ.