ಅನ್‌ರ‍್ಯಾವಲ್ ಅಂದರೆ ಬಿಡಿಸುವುದಾ, ಬಿಚ್ಚಿಹೋಗುವುದಾ?

ನಿಘಂಟಿನಲ್ಲಿ ಅನ್‌ರ‍್ಯಾವಲ್ ಅಂದರೆ 'ಸಿಕ್ಕು ಬಿಡಿಸು' ಅಂತಿದೆ, ಪೇಪರಿನಲ್ಲಿ 'ದಿ ಡೀಲ್ ಅನ್‌ರ‍್ಯಾವಲ್ಡ್' ಅಂತ ಓದಿದೆ, ಹಾಗಾದರೆ ಒಪ್ಪಂದ ಕುದುರಿತಾ ಅಥವಾ ಮುರಿಯಿತಾ ಅಂತ ಕೇಳಿದ್ದೀರಿ. ಮುರಿಯಿತು. ನಿಘಂಟೂ ತಪ್ಪಲ್ಲ.

ನಾನು ಇಳಕಲ್‌ನವನು, ಮನೆಯಲ್ಲಿ ಕುಣಿ ಮಗ್ಗ, ಅಂದರೆ ನೆಲದ ಕುಣಿಯಲ್ಲಿ ಕಾಲಿಟ್ಟು ಕೂತು ನೇಯುವ ಮಗ್ಗ ಇತ್ತು. ಈ ಪದ ನನಗೆ ಸರಿಯಾಗಿ ತಿಳಿದದ್ದು ನೂಲಿನಿಂದಲೇ. ಅವ್ವ ಲಡಿಯಿಂದ, ಅಂದರೆ ನೂಲಿನ ದೊಡ್ಡ ಸುರುಳಿಯಿಂದ, ಕಂಡಿಕೆ ಅನ್ನುವ ಸಣ್ಣ ಕೊಳವೆಗೆ ನೂಲು ಸುತ್ತುವಾಗ ಲಡಿ ಸಿಕ್ಕಾದರೆ ಜಗ್ಗುತ್ತಿರಲಿಲ್ಲ, ಜಗ್ಗಿದರೆ ಗಂಟು ಬಿಗಿಯಾಗುತ್ತದೆ ಅಲ್ವಾ. ಲಡಿಯನ್ನು ಮೊಣಕಾಲಿಗೆ ಹಾಕಿಕೊಂಡು, ತುದಿ ಹುಡುಕಿ, ಒಂದೊಂದೇ ಎಳೆ ಎತ್ತಿ ಆಚೆ ದಾಟಿಸುತ್ತಾ ಅರ್ಧ ತಾಸಾದರೂ ಕೂರುತ್ತಿದ್ದಳು. ಇದು ಅನ್‌ರ‍್ಯಾವಲ್. ಪೊಲೀಸರು ಕೊಲೆಯ ಗುಟ್ಟನ್ನು ಬಿಡಿಸಿದರು ಅನ್ನುವಾಗ ಇಂಗ್ಲಿಷಿನವರು ಹೇಳುವುದು ಇದನ್ನೇ.

ಈಗ ಅದೇ ನೂಲು ನೇಯ್ದು ಸೀರೆಯಾಯಿತು ಅನ್ನಿ. ಸೆರಗಿನ ತುದಿಗೆ ಗೊಂಡೆ ಕಟ್ಟದೆ ಹಾಗೇ ಬಿಟ್ಟರೆ ಅಡ್ಡಕ್ಕೆ ಬರುವ ಹೊಕ್ಕಿನ ಎಳೆ ಒಂದು ಸಡಿಲಾಗುತ್ತದೆ, ಅದು ಕಳಚಿದರೆ ಪಕ್ಕದ್ದು, ಆಮೇಲೆ ಅದರ ಪಕ್ಕದ್ದು, ಕೊನೆಗೆ ಬರೀ ಉದ್ದಕ್ಕಿರುವ ಹಾಸಿನ ಎಳೆಗಳು ಜೋತಾಡುತ್ತವೆ. ಇದೂ ಅನ್‌ರ‍್ಯಾವಲ್. ಎಳೆ ಬಿಡುವುದು ಎರಡೂ ಕಡೆ ಒಂದೇ. ಲಡಿಗೆ ಅದು ಒಳ್ಳೆಯದು, ಸೀರೆಗೆ ಹಾನಿ.

ಹಾಗಾಗಿ ಓದುವಾಗ ನಾನು ಮೊದಲು ನೋಡುವುದು, ಅಲ್ಲಿರುವುದು ಸಿಕ್ಕೋ ಬಟ್ಟೆಯೋ ಅಂತ. ರಹಸ್ಯ, ಒಗಟು, ಗೊಂದಲ ಇವು ಸಿಕ್ಕು, ಅವನ್ನು ಯಾರೋ ಬಿಡಿಸುತ್ತಾರೆ. ಒಪ್ಪಂದ, ಯೋಜನೆ, ಮದುವೆ ಇವು ಜನ ಸೇರಿ ನೇಯ್ದದ್ದು, ಹೆಚ್ಚಾಗಿ ತಾವೇ ಬಿಚ್ಚಿಹೋಗುತ್ತವೆ. ಡಿಸೆಂಟ್ಯಾಂಗಲ್ ಅನ್ನುವ ಪದಕ್ಕೆ ಈ ಕೆಡುವ ಅರ್ಥ ಇಲ್ಲ, ಅದು ಸುಮ್ನೆ ಸಿಕ್ಕು ಬಿಡಿಸುವುದು ಅಷ್ಟೇ. ಇನ್ನೊಂದು ವಿಚಿತ್ರ, ಇದರ ಮೂಲ ಪದ ರ‍್ಯಾವಲ್, ಡಚ್ ಭಾಷೆಯಿಂದ ಬಂದದ್ದು, ಅದಕ್ಕೆ ಸಿಕ್ಕು ಮಾಡು ಅಂತಲೂ ಅರ್ಥ, ಸಿಕ್ಕು ಬಿಡಿಸು ಅಂತಲೂ ಅರ್ಥ! ನೀವು ಬರೆಯುವಾಗ ಅದನ್ನು ಬಳಸಬೇಡಿ, ಓದುವವರಿಗೆ ಗೊಂದಲ ಜಾಸ್ತಿ. ಅನ್‌ರ‍್ಯಾವಲ್ಡ್ ಬರೆಯುವಾಗ ನಮ್ಮಲ್ಲಿ ಬ್ರಿಟಿಷ್ ರೂಢಿಯಂತೆ ಎಲ್ ಎರಡು, ಅಮೆರಿಕದಲ್ಲಿ ಒಂದು.

ನಿಮ್ಮ ವಾಕ್ಯಕ್ಕೆ ಕನ್ನಡದಲ್ಲಿ 'ಮುರಿದುಬಿತ್ತು' ಅಂದರೂ ನಡೆಯುತ್ತದೆ. ಆದರೆ ಅದು ಕೋಲು ಮುರಿದಂತೆ ಪಟ್ಟನೆ ಆದದ್ದಲ್ಲ, ಒಂದೊಂದೇ ಎಳೆ ಬಿಟ್ಟು ಆದದ್ದು. ನಾನಾದರೆ 'ಒಪ್ಪಂದ ಮೆಲ್ಲಗೆ ಹಳ್ಳ ಹಿಡಿಯಿತು' ಅಂತ ಬರೆಯುತ್ತೇನೆ.